ಶನಿವಾರದ ತಾರೀಕಿನ ಪ್ರಶ್ನೆಪತ್ರಿಕೆ

ಪುಸ್ತಕದ ಮುಖಪುಟದಲ್ಲಿ ಜಿತೇಶನ ಹೆಸರು ಇರಲಿಲ್ಲ. ಒಳಪುಟದಲ್ಲೂ ಇರಲಿಲ್ಲ. ಮುನ್ನುಡಿಯ ಕೊನೆಯಲ್ಲಿ, ಮುದ್ರಣಾಲಯದವರಿಗೆ ಕೃತಜ್ಞತೆ ಹೇಳಿ ಆದಮೇಲೆ, ‘ಕಚೇರಿಯ ಸಿಬ್ಬಂದಿಗೂ ವಂದನೆಗಳು’ ಎಂಬ ಒಂದು ಸಾಲು ಇತ್ತು. ಆ ಸಾಲಿನ ಒಳಗೆ ತಾನೂ ಇದ್ದೇನೆ ಎಂದು ಅವನು ಸಮಾಧಾನ ಮಾಡಿಕೊಳ್ಳಬೇಕಿತ್ತು.

ಪುಸ್ತಕ ದಪ್ಪಗಿತ್ತು. ಪ್ರಚಲಿತ ವಿದ್ಯಮಾನಗಳ ಅಭ್ಯಾಸ ಪ್ರಶ್ನೆಗಳು, ನಾಲ್ಕು ಆಯ್ಕೆಗಳೊಂದಿಗೆ, ವಿವರಣೆಗಳೊಂದಿಗೆ. ಐಎಎಸ್, ಕೆಎಎಸ್ ಬರೆಯುವವರಿಗೆ ಬೇಕಾದದ್ದು. ಅದರಲ್ಲಿದ್ದ ಒಂದೊಂದು ಪ್ರಶ್ನೆಯನ್ನೂ ಜಿತೇಶನೇ ಬರೆದಿದ್ದ. ಮುಖಪುಟದಲ್ಲಿ ದೊಡ್ಡ ಅಕ್ಷರಗಳಲ್ಲಿದ್ದ ಹೆಸರು ತಿರುಮಲೇಶ್ವರ ಭಟ್ಟರದು.

ಮೂಡುಬಿದಿರೆ ಬಸ್ ನಿಲ್ದಾಣದ ಎದುರಿನ ಬೇಕರಿಯ ಮೇಲಿನ ಮಾಳಿಗೆಯಲ್ಲಿ ಭಟ್ಟರ ಅಕಾಡೆಮಿ. ಬಂಟ್ವಾಳದಲ್ಲಿ ಒಂದು ಶಾಖೆ, ಬೆಳ್ತಂಗಡಿಯಲ್ಲಿ ಇನ್ನೊಂದು. ಭಟ್ಟರ ಮಾತು ಚೆಂದ; ತಂದೆತಾಯಿಗಳನ್ನು ಕೂರಿಸಿ, ನಿಮ್ಮ ಮಗಳು ಜಿಲ್ಲಾಧಿಕಾರಿ ಆಗುವುದನ್ನು ನಾನು ಕಣ್ಣಾರೆ ಕಾಣುತ್ತಿದ್ದೇನೆ ಎಂದು ಹೇಳಿದರೆ ಕೇಳಿದವರ ಕಣ್ಣಿನಲ್ಲಿ ನೀರು ಬರುತ್ತಿತ್ತು. ಪ್ರಶ್ನೆ ಬರೆಯುವ ಕೆಲಸ ಮಾತ್ರ ಅವರಿಂದ ಆಗುತ್ತಿರಲಿಲ್ಲ. ಅದಕ್ಕೆ ಜಿತೇಶ ಇದ್ದ. ಬೆಳಿಗ್ಗೆ ಪತ್ರಿಕೆಗಳನ್ನು ನೆಲದ ಮೇಲೆ ಹರಡಿ ಕೂತರೆ ಯಾವ ಮೂಲೆಯ ಯಾವ ಸುದ್ದಿ ನಾಳೆ ಪ್ರಶ್ನೆಯಾಗುತ್ತದೆ ಎಂದು ಅವನಿಗೆ ವಾಸನೆ ಹತ್ತುತ್ತಿತ್ತು. ಸರಿ ಉತ್ತರ ಬರೆಯುವುದು ಯಾರಿಗೂ ಬರುತ್ತದೆ. ಅದರ ಪಕ್ಕದಲ್ಲಿ ಅಷ್ಟೇ ಗಾಂಭೀರ್ಯದಿಂದ ಕೂತುಕೊಳ್ಳಬಲ್ಲ ಮೂರು ಸುಳ್ಳುಗಳನ್ನು ಹುಟ್ಟಿಸುವುದು ಕಷ್ಟ. ಆ ವಿದ್ಯೆ ದೇವರು ತನಗೆ ಕೊಟ್ಟದ್ದು ಎಂದು ಜಿತೇಶ ನಂಬಿದ್ದ. ಕೊಟ್ಟವನು ಅದರ ಜೊತೆಗೆ ಪಾಸಾಗುವ ಯೋಗವನ್ನು ಏಕೆ ಕೊಡಲಿಲ್ಲ ಎಂಬುದು ಮಾತ್ರ ಅವನಿಗೆ ತಿಳಿಯದು. ಬರೆದಷ್ಟು ಸಲವೂ ಅಂಚಿನಲ್ಲಿ ಬಿದ್ದ. ಕಳೆದ ವರ್ಷ ವಯಸ್ಸಿನ ಮಿತಿಯೂ ದಾಟಿತು. ಅವನ ಪ್ರಶ್ನೆ ಓದಿದವರು ತಹಶೀಲ್ದಾರರಾಗಿ, ಪೊಲೀಸ್ ಅಧಿಕಾರಿಗಳಾಗಿ ಊರೂರಲ್ಲಿ ಇದ್ದರು. ಇನ್ನು ಅವನಿಗೆ ಉಳಿದದ್ದು ಆ ಪುಸ್ತಕದ ಮೇಲಿನ ಹೆಸರೊಂದೇ. ಮುಂಡಾಜೆಯ ಮನೆಯಲ್ಲಿ ಅಮ್ಮನ ಕೈಗೆ ಅದನ್ನು ಕೊಟ್ಟು, ಇಷ್ಟು ವರ್ಷ ನಾನು ಮಾಡಿದ್ದು ಇದು ಎಂದು ಹೇಳಬೇಕೆಂದುಕೊಂಡಿದ್ದ.

“ಸರ್, ಹೆಸರು ಹಾಕ್ತೇನೆ ಅಂತ ಹೇಳಿದ್ರಿ,” ಎಂದು ಅವನು ಕೇಳಿದ.

“ಹೇಳಿದ್ದು ಹೌದು ಮಾರಾಯ, ಇಲ್ಲ ಅಂತ ಯಾರು ಹೇಳಿದ್ದು? ಪ್ರಕಾಶಕರು ಒಪ್ಪಲಿಲ್ಲ.” ಭಟ್ಟರು ಕನ್ನಡಕ ಒರೆಸಿಕೊಂಡರು. “ನೀನೇ ಆಲೋಚನೆ ಮಾಡು. ಪಾಸಾಗದವನ ಪುಸ್ತಕ ಓದಿ ಪಾಸಾಗುದು ಹೇಗೆ ಅಂತ ಮಕ್ಕಳು ಕೇಳ್ತಾರೆ. ಬೇಜಾರು ಮಾಡ್ಬೇಡ. ಮುಂದಿನ ಸಲ ನೋಡುವ.”

ಆಮೇಲೆ ಅವರು ಒಂದು ಪ್ರತಿ ತೆಗೆದು, ಮೊದಲ ಪುಟದಲ್ಲಿ ‘ಚಿರಂಜೀವಿ ಜಿತೇಶನಿಗೆ, ಲೇಖಕನ ಆಶೀರ್ವಾದಗಳೊಂದಿಗೆ’ ಎಂದು ಬರೆದು, ಸಹಿ ಹಾಕಿ, ಎರಡೂ ಕೈಗಳಿಂದ ಕೊಟ್ಟರು. ಜಿತೇಶ ಎರಡೂ ಕೈಗಳಿಂದ ತೆಗೆದುಕೊಂಡ. ಸಿಟ್ಟು ಬಂದಾಗ ಅವನ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ.

ಉಪಾಯ ಅವನಿಗೆ ಹೊಳೆದದ್ದು ಕೆಲಸದ ನಡುವೆಯೇ. ಪ್ರತಿ ದೊಡ್ಡ ಪರೀಕ್ಷೆ ಮುಗಿದ ಮೇಲೆ ಅವನು ಅದರ ಪ್ರಶ್ನೆಗಳನ್ನು ಸ್ವಲ್ಪ ತಿರುಗಿಸಿ, ಮುಂದಿನ ತಂಡದ ಅಭ್ಯಾಸಕ್ಕೆ ಹೊಸ ಪತ್ರಿಕೆ ಮಾಡುವುದು ರೂಢಿ. ಹಾಗೆ ಒಂದು ದಿನ ತಲೆಬರಹದಲ್ಲಿ ತಾರೀಕು ಹಾಕುವಾಗ ಅವನ ಕೈ ನಿಂತಿತು. ಇದೇ ಕಾಗದ, ಇದೇ ಪ್ರಶ್ನೆ; ಪರೀಕ್ಷೆಯ ನಂತರದ ತಾರೀಕು ಇದ್ದರೆ ಪಾಠ. ಪರೀಕ್ಷೆಗೆ ಮೊದಲಿನ ತಾರೀಕು ಇದ್ದರೆ ಅದು ಸೋರಿಕೆ. ಹಿಡಿದವರ ಕೈಗೆ ಬೇಡಿ.

ಸೋರಿಕೆ ಎಂಬ ಮಾತು ಕೇಳಿದರೆ ಜನ ಈಗ ಸಾಕ್ಷಿಗೂ ಕಾಯುವುದಿಲ್ಲ. ಅಷ್ಟು ಸಲ ಮೋಸ ಹೋಗಿದ್ದಾರೆ, ಅಷ್ಟು ಸಲ ಸುಟ್ಟುಕೊಂಡಿದ್ದಾರೆ. ಭಟ್ಟರ ಮೇಜಿನ ಖಾನೆಯಲ್ಲಿ ಪರೀಕ್ಷೆಗೆ ಮೊದಲಿನ ಶನಿವಾರದ ತಾರೀಕು ಇರುವ ಪ್ರಶ್ನೆಪತ್ರಿಕೆ ಸಿಕ್ಕಿದರೆ, ಅದರ ಪ್ರಶ್ನೆಗಳು ಪರೀಕ್ಷೆಯಲ್ಲಿ ಬಂದವೇ ಆಗಿದ್ದರೆ, ಭಟ್ಟರು ಯಾರಿಗೆ ಏನು ಹೇಳಿಯಾರು? ಪ್ರಶ್ನೆ ಬರೆಯುವವನು ನಾನಲ್ಲ, ಜಿತೇಶ ಎಂದು ಹೇಳಿಯಾರು. ಹೇಳಲಿ. ಎಲ್ಲರ ಕೈಯಲ್ಲೂ ಪುಸ್ತಕ ಉಂಟು. ಅದರ ಮೇಲಿನ ಹೆಸರನ್ನು ಓದಲಿ. ಕದ್ದುಕೊಂಡ ಹೆಸರೇ ಕುತ್ತಿಗೆಗೆ ಸುತ್ತಿಕೊಳ್ಳಬೇಕು. ಆಲೋಚನೆ ಈ ಜಾಗಕ್ಕೆ ಬಂದಾಗಲೆಲ್ಲ ಜಿತೇಶನಿಗೆ ಒಂದು ಬಗೆಯ ಶಾಂತಿ ಸಿಗುತ್ತಿತ್ತು. ಮಂಗಳಾರತಿ ಮುಗಿದ ಮೇಲೆ ಗರ್ಭಗುಡಿಯ ಎದುರು ನಿಂತಾಗ ಸಿಗುವಂಥದ್ದೇ ಎಂದು ಅವನಿಗೆ ಅನಿಸಿ, ಹಾಗೆ ಅನಿಸಿದ್ದಕ್ಕೆ ಸ್ವಲ್ಪ ಹೆದರಿಕೆಯೂ ಆಗುತ್ತಿತ್ತು.

ಹೆದರಿಕೆಯನ್ನು ಅವನು ಕೆಲಸದಿಂದ ಮುಚ್ಚಿದ. ಕಂಪ್ಯೂಟರಿನ ದಿನಾಂಕ ಹಿಂದಕ್ಕೆ ಇಡಬೇಕು. ಕಾಗದ ಹಳೆಯ ಕಟ್ಟಿನದೇ ಆಗಬೇಕು, ಅಕಾಡೆಮಿಯ ಮುದ್ರಣ ಯಂತ್ರದಲ್ಲೇ ಬರಬೇಕು. ಪ್ರಶ್ನೆಗಳು ಪರೀಕ್ಷೆಯ ಪಡಿಯಚ್ಚು ಆಗಬಾರದು. ಕದ್ದವನು ಕದ್ದದ್ದನ್ನು ಸ್ವಲ್ಪ ಮರೆಮಾಡುತ್ತಾನೆ, ಆ ಮರೆಮಾಚುವಿಕೆಯೂ ಕಾಣಬೇಕು. ಎಲ್ಲಾ ಪ್ರಶ್ನೆಗಳೂ ಬೇಡ. ನಡುವೆ ಪರೀಕ್ಷೆಯಲ್ಲಿ ಬಾರದವು ಕೆಲವು ಇರಲಿ. ಪ್ರಶ್ನೆಗಳ ಹಾಳೆಯೊಂದು ಹೊರಗೆ ಜನರ ಕಣ್ಣಿಗೆ ಬೀಳಬೇಕು. ವಿವರಣೆಗಳ ಸಮೇತ ಪೂರ್ತಿ ಪ್ರತಿ ಭಟ್ಟರ ಖಾನೆಯಲ್ಲಿ ಪೊಲೀಸರಿಗೆ ಸಿಗಬೇಕು. ವಿವರಣೆ ಇಲ್ಲದ ಪತ್ರಿಕೆ ಈ ಅಕಾಡೆಮಿಯದು ಎಂದು ಯಾರೂ ನಂಬಲಾರರು.

ಭಟ್ಟರು ಊರಲ್ಲಿ ಇರಬಾರದು, ಅದೊಂದು ಆಗಬೇಕಿತ್ತು. ಅದನ್ನೂ ದೇವರೇ ಮಾಡಿಕೊಟ್ಟಂತೆ ಆಯಿತು. ಪರೀಕ್ಷೆ ನಡೆದ ಆದಿತ್ಯವಾರ ಸಂಜೆಯೇ ಭಟ್ಟರೂ ಹೆಂಡತಿ ಶ್ರೀಮತಿಯಮ್ಮನೂ ಹರಕೆ ತೀರಿಸಲು ವಿಮಾನದಲ್ಲಿ ಕಾಶಿಗೆ ಹೊರಟರು.

“ವಿಶ್ವನಾಥನಿಗೆ ನಿನ್ನ ಹೆಸರಲ್ಲೂ ಒಂದು ಅರ್ಚನೆ ಮಾಡಿಸ್ತೇನೆ,” ಎಂದು ಭಟ್ಟರು ಕಾರು ಹತ್ತುವಾಗ ಹೇಳಿದರು. “ನಕ್ಷತ್ರ ಯಾವುದು ನಿಂದು?”

“ಮೂಲಾ.”

“ಅದಕ್ಕೇ ಮಾರಾಯ!” ಭಟ್ಟರು ನಕ್ಕರು. ಶ್ರೀಮತಿಯಮ್ಮ ಗಂಡನ ತೋಳಿಗೆ ಮೆಲ್ಲಗೆ ತಟ್ಟಿ, “ಹಾಗೆಲ್ಲ ಹೇಳ್ಬೇಡಿ ನೀವು,” ಎಂದರು. ದೇವರ ಎದುರು ಹೇಳಲಿಕ್ಕೆ ನನಗೆ ಹೆಸರು ಉಂಟು, ಪುಸ್ತಕದ ಮೇಲೆ ಹಾಕಲಿಕ್ಕೆ ಇಲ್ಲ ಎಂದು ಜಿತೇಶ ಮನಸ್ಸಿನಲ್ಲಿಯೇ ಅಂದುಕೊಂಡ. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಕೈ ಮುಗಿದು ನಿಂತಿದ್ದ.

ಪರೀಕ್ಷೆ ಬರೆದ ಮಕ್ಕಳು ಅದೇ ಸಂಜೆ ಪ್ರಶ್ನೆಪತ್ರಿಕೆ ಹಿಡಿದುಕೊಂಡು ಮಾಳಿಗೆ ಹತ್ತಿ ಬಂದರು. ಪ್ರತಿ ಸಲವೂ ಹಾಗೆಯೇ. ಬಸ್ಸಿನಿಂದ ಇಳಿದು ಮನೆಗೆ ಹೋಗುವ ಮೊದಲು ಜಿತೇಶ ಸರ್ ಬಳಿ ಉತ್ತರ ತಾಳೆ ನೋಡಬೇಕು. ಬೆಳ್ತಂಗಡಿ ಶಾಖೆಯ ಹರ್ಷಿತಾ ಎಲ್ಲರಿಗಿಂತ ಹಿಂದೆ ಕೂತಿದ್ದಳು. ಮೂರನೆಯ ಸಲ ಬರೆದವಳು. ಮನೆಯಲ್ಲಿ ಮದುವೆ ಮಾತು ಸುರುವಾಗಿದೆ ಎಂದು ಜಿತೇಶನಿಗೆ ಗೊತ್ತಿತ್ತು.

“ಹೇಗಾಯ್ತು?”

“ಹೋಯ್ತು ಸರ್. ಈ ಸಲವೂ ಅಂಚಿನಲ್ಲೇ.” ಅವಳು ನಗಲು ನೋಡಿದಳು. “ನಮ್ಮ ಪಾಡ್ದನದ ಕಾವೇರಮ್ಮಜ್ಜಿಯ ಪ್ರಶ್ನೆ ಬಂದಿದೆ, ನೋಡಿದ್ರಾ? ಅದೊಂದು ಕಣ್ಣು ಮುಚ್ಚಿ ಸರಿ ಹಾಕಿದೆ. ಅಜ್ಜಿಯ ಹತ್ರ ಹೋಗಿ, ನೀವು ಪರೀಕ್ಷೆಯಲ್ಲಿ ಬಂದಿದ್ದೀರಿ ಅಂತ ಹೇಳ್ಬೇಕು. ಪಾಸಾ ಫೇಲಾ ಅಂತ ಕೇಳ್ತಾರೆ ಅವರು.”

ಎಲ್ಲರೂ ನಕ್ಕರು. ಕಾವೇರಮ್ಮ ಮುಂಡಾಜೆಯವರು. ಗದ್ದೆಯಲ್ಲಿ ಭತ್ತದ ನೇಜಿ ನೆಡುತ್ತಾ ಕಲಿತ ಪಾಡ್ದನಗಳೆಂಬ ತುಳು ಕಥನಗೀತೆಗಳಿಗೆ ಈ ವರ್ಷ ದೆಹಲಿಯಲ್ಲಿ ಗೌರವ ಸಿಕ್ಕಿತ್ತು. ಅವರು ಮಂತ್ರಿಗಳ ಪಕ್ಕದಲ್ಲಿ ಎಲೆಯಡಿಕೆ ಅಗಿಯುತ್ತಾ ನಿಂತ ಚಿತ್ರ ಎಲ್ಲರ ಫೋನಿನಲ್ಲೂ ಇತ್ತು. ಜಿತೇಶ ಒಂದು ಪ್ರಶ್ನೆಪತ್ರಿಕೆ ಕೇಳಿ ಇಟ್ಟುಕೊಂಡ. ಯಾರಿಗೂ ಅದರಲ್ಲಿ ವಿಶೇಷ ಕಾಣಲಿಲ್ಲ.

ಸೋಮವಾರ ಅಕಾಡೆಮಿಗೆ ರಜೆ. ಬೆಳಗಿನ ಪತ್ರಿಕೆ ಓದುವ ಹೊತ್ತಿಗೆ ಅಮ್ಮನ ಫೋನ್ ಬಂತು.

“ಕಾವೇರಮ್ಮಕ್ಕ ಹೋದ್ರು ಮಗಾ. ಬೆಳಿಗ್ಗೆ ಏಳ್ಲೇ ಇಲ್ಲ. ಒಂದು ತುಳಸಿ ನೀರು ಬಿಡ್ಲಿಕ್ಕಾದ್ರೂ ಬಾ. ನಿನ್ನನ್ನು ಎತ್ತಿ ಆಡಿಸಿದವರು.”

“ಇವತ್ತು ಆಗುದಿಲ್ಲ ಅಮ್ಮ. ಕೆಲಸ ಉಂಟು.”

“ರಜೆ ಅಂತ ನೀನೇ ಹೇಳಿದ್ದಿ ಅಲ್ವಾ?”

“ಭಟ್ರು ಊರಲ್ಲಿಲ್ಲ. ಎಲ್ಲ ನಾನೇ ನೋಡ್ಬೇಕು.”

“ಆ ಭಟ್ರಿಗೆ ನೀನು ಎಷ್ಟು ದುಡಿದ್ರೂ ಅಷ್ಟೇ,” ಎಂದು ಅಮ್ಮ ಫೋನ್ ಇಟ್ಟುಬಿಟ್ಟಳು. ಆ ಮಾತಿನಲ್ಲಿದ್ದ ಸತ್ಯ ಅವನನ್ನು ಇನ್ನಷ್ಟು ಗಟ್ಟಿಮಾಡಿತು. ಆ ದಿನ ಫೋನಿನಲ್ಲಿ ಮಕ್ಕಳಿಗೆ ಕಳುಹಿಸುವ ಟಿಪ್ಪಣಿಯಲ್ಲಿ ಅಜ್ಜಿಯ ಸಾವಿನ ಸುದ್ದಿಯನ್ನು ಸೇರಿಸಿ, ಬಾಗಿಲು ಹಾಕಿ, ಕೆಲಸಕ್ಕೆ ಕೂತ.

ಇಷ್ಟು ಚೆನ್ನಾಗಿ ಅವನು ಎಂದೂ ಬರೆದಿರಲಿಲ್ಲ. ಪರೀಕ್ಷೆಯವರು ಬರೆದ ಪ್ರಶ್ನೆಗಳಲ್ಲಿ ಸೋಮಾರಿತನ ಇತ್ತು. ಎರಡು ಆಯ್ಕೆಗಳನ್ನು ಓದದೆಯೇ ಕಿತ್ತು ಬಿಸಾಡಬಹುದಿತ್ತು. ಅವನು ಒಂದೊಂದನ್ನೂ ಬಿಚ್ಚಿ, ತೊಳೆದು, ಮತ್ತೆ ಕಟ್ಟಿದ. ಸುಳ್ಳುಗಳಿಗೆ ಮರ್ಯಾದೆ ಕೊಟ್ಟ. ವಿವರಣೆಗಳಿಗೆ ಬಂದಾಗ ತಾನು ಅಪರಾಧ ಮಾಡುತ್ತಿದ್ದೇನೆ ಎಂಬುದೇ ಅವನಿಗೆ ಮರೆತುಹೋಯಿತು. ಎಲ್ಲಿ ಹುಟ್ಟಿತು, ಯಾರು ಮಾಡಿದರು, ಈಗ ಏನಾಗಿದೆ. ವಿದ್ಯಾರ್ಥಿ ಒಂದು ಪ್ರಶ್ನೆಯಿಂದ ಇನ್ನು ನಾಲ್ಕು ಪ್ರಶ್ನೆಗಳಿಗೆ ಉತ್ತರ ಕಲಿಯಬೇಕು. ಬೆರಳುಗಳು ತಾವಾಗಿಯೇ ಓಡುತ್ತಿದ್ದವು. ಕೊನೆಗೆ ತಲೆಬರಹದಲ್ಲಿ ಹಿಂದಿನ ಶನಿವಾರದ ತಾರೀಕನ್ನು ಹಾಕಿ, ಕೆಳಗೆ ‘ವಿಶೇಷ ತಂಡಕ್ಕೆ ಮಾತ್ರ’ ಎಂದು ಸೇರಿಸಿದ. ಅಚ್ಚಾಗಿ ಬಂದ ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡಿದ. ತಾರೀಕನ್ನು ಮೂರು ಸಲ ಪರೀಕ್ಷಿಸಿದ. ಪೂರ್ತಿ ಪ್ರತಿ ಭಟ್ಟರ ಖಾನೆ ಸೇರಿತು. ಪ್ರಶ್ನೆಗಳ ಒಂದು ಹಾಳೆ ಮಾತ್ರ ಅವನ ಚೀಲದಲ್ಲಿ ಉಳಿಯಿತು.

ಮಂಗಳವಾರ ಬಂಟ್ವಾಳ ಶಾಖೆಯ ತರಗತಿ. ಅಲ್ಲಿಗೆ ಬೇಕಾದ ಪತ್ರಿಕೆಗಳ ನೆರಳಚ್ಚು ಬಿ.ಸಿ. ರೋಡಿನ ಇರ್ಷಾದನ ಜೆರಾಕ್ಸ್ ಅಂಗಡಿಯಲ್ಲೇ ಆಗಬೇಕು. ಇರ್ಷಾದ ಬಾಯಿ ಮುಚ್ಚಿ ಕೆಲಸ ಮಾಡಿದವನಲ್ಲ; ಯಂತ್ರದ ಸದ್ದಿಗಿಂತ ಅವನ ಸದ್ದೇ ಹೆಚ್ಚು. ಭಟ್ಟರು ಹೊರಡುವ ಮೊದಲು ತಾವೇ ಕಟ್ಟಿ ಇಟ್ಟಿದ್ದ ಕಟ್ಟಿನ ನಡುವೆ ಜಿತೇಶ ಆ ಹಾಳೆಯನ್ನು ತೂರಿಸಿ, ಕಟ್ಟನ್ನು ಅಂಗಡಿಯ ಕಟ್ಟೆಯ ಮೇಲಿಟ್ಟು, ಎದುರಿನ ಹೋಟೆಲಿನಲ್ಲಿ ಚಾ ಕುಡಿಯಲು ಹೋದ. ಪುಸ್ತಕ ಕೊಳ್ಳಲು ಬಂದಿದ್ದ ಹರ್ಷಿತಾ ಅಂಗಡಿಯ ಎದುರು ನಿಂತಿರುವುದನ್ನು ಅವನು ಚಾ ಮುಗಿಸಿ ಬರುವಾಗ ಕಂಡ. ಅದು ಯೋಜನೆಯಲ್ಲಿ ಇರಲಿಲ್ಲ. ಆದರೂ ಅವಳಿಗಿಂತ ಒಳ್ಳೆಯ ಸಾಕ್ಷಿ ಬೇಡಿದರೂ ಸಿಗುತ್ತಿರಲಿಲ್ಲ.

“ಜಿತೇಶಣ್ಣಾ, ಎಂತ ಇದು?” ಇರ್ಷಾದ ಹಾಳೆಯನ್ನು ಬಾವುಟದಂತೆ ಬೀಸಿದ. “ಈ ತಂಗಿ ನೋಡಿ ಕೂಗ್ಲಿಕ್ಕೆ ಸುರು ಮಾಡಿದ್ಳು. ಭೂತ ಕಂಡವರ ಹಾಗೆ!”

ಹರ್ಷಿತಾ ಹಾಳೆಯ ತಲೆಬರಹಕ್ಕೆ ಬೆರಳು ತೋರಿಸಿದಳು. “ತಾರೀಕು ನೋಡಿ ಸರ್. ಪರೀಕ್ಷೆಗೆ ಮೊದಲಿನ ಶನಿವಾರ. ಆದಿತ್ಯವಾರ ಬಂದ ಪ್ರಶ್ನೆಗಳೇ ಇದರಲ್ಲಿ ಉಂಟು. ವಿಶೇಷ ತಂಡ ಅಂತೆ. ಯಾವ ತಂಡ ಅದು? ನಾವೆಲ್ಲ ಯಾರು ಹಾಗಾದ್ರೆ?”

“ನನಗೆ ಗೊತ್ತಿಲ್ಲ ಹರ್ಷಿತಾ. ಕಟ್ಟು ಭಟ್ಟರದು.”

“ನಾನು ಫೇಲ್ ಆದದ್ದು ನನ್ನ ತಪ್ಪು ಅಂತ ತಿಳ್ಕೊಂಡಿದ್ದೆ,” ಎಂದು ಅವಳು ಅತ್ತಳು. ಇವಳಿಗೆ ಆದದ್ದು ನನಗೂ ಆಗಿತ್ತು ಎಂದು ಜಿತೇಶನಿಗೆ ಅನಿಸಿತು. ಇವಳ ಕಣ್ಣೀರು ಸುಳ್ಳಿನಿಂದ ಬಂದರೂ ಅಳುವುದರಲ್ಲಿ ಸುಳ್ಳಿಲ್ಲ ಎಂದು ತನಗೇ ಸಮಾಧಾನ ಹೇಳಿಕೊಂಡ. ಅಷ್ಟರಲ್ಲಿ ಇರ್ಷಾದ ಹಾಳೆಯ ಫೋಟೋ ತೆಗೆದಾಗಿತ್ತು. “ತಂಗಿ, ಅಳ್ಬೇಡ. ಇದನ್ನು ಊರಿಡೀ ಕಾಣುವ ಹಾಗೆ ಮಾಡ್ತೇನೆ ನಾನು,” ಎಂದ. ಮಾಡಿದ ಕೂಡ. ಜಿತೇಶ ಮೂಡುಬಿದಿರೆಯ ಬಸ್ಸು ಹತ್ತುವ ಮೊದಲೇ ಬಸ್ಸಿನೊಳಗಿದ್ದವರ ಫೋನುಗಳಲ್ಲಿ ಆ ಹಾಳೆ ಇತ್ತು.

ಗುರುವಾರ ಭಟ್ಟರು ಕೈಗೆ ಕಾಶಿದಾರ ಕಟ್ಟಿಕೊಂಡು, ಗಂಗಾಜಲದ ತಂಬಿಗೆ ಹಿಡಿದುಕೊಂಡು ಬಂದಿಳಿದಾಗ ಅಕಾಡೆಮಿಯ ಮೆಟ್ಟಿಲ ಮೇಲೆ ಮಕ್ಕಳು ತುಂಬಿದ್ದರು. ಯಾರೂ ದಾರಿ ಬಿಡಲಿಲ್ಲ. ಒಳಗೆ ಇನ್‌ಸ್ಪೆಕ್ಟರ್ ಶೋಧನ್ ಕೂತಿದ್ದರು. ತೆಳ್ಳಗಿನ ಮನುಷ್ಯ, ಮೆಲ್ಲಗಿನ ಮಾತು. ಭಟ್ಟರ ಎದುರೇ ಅವರು ಖಾನೆ ಎಳೆದರು. ಪತ್ರಿಕೆ ಸಿಕ್ಕಿತು.

ಭಟ್ಟರು ತಂಬಿಗೆಯನ್ನು ಮೇಜಿನ ಮೇಲಿಟ್ಟರು. “ಇದು ನಂದಲ್ಲ ಸರ್! ವಿಶ್ವನಾಥನಾಣೆಗೂ ಅಲ್ಲ. ನನಗೆ ಪ್ರಶ್ನೆ ಬರೀಲಿಕ್ಕೆ ಬರುದೇ ಇಲ್ಲ. ಇಷ್ಟು ವರ್ಷ ಒಂದು ಪ್ರಶ್ನೆ ಬರ್ದಿಲ್ಲ ನಾನು. ಎಲ್ಲ ಇವನೇ, ಈ ಜಿತೇಶನೇ ಬರ್ದದ್ದು. ಪುಸ್ತಕವೂ ಇವನದ್ದೇ!”

ಇಷ್ಟು ವರ್ಷ ಕೇಳಬೇಕೆಂದು ಹಂಬಲಿಸಿದ ಮಾತು ಅಷ್ಟು ಜನರ ಎದುರು ಅಷ್ಟು ಗಟ್ಟಿಯಾಗಿ ಬಂದಾಗ ಜಿತೇಶನ ಕಣ್ಣು ಒದ್ದೆಯಾಯಿತು. ಆದರೂ ಅವನು ಸಿದ್ಧಮಾಡಿಕೊಂಡಿದ್ದ ಉತ್ತರವನ್ನೇ ಕೊಟ್ಟ. ಕಪಾಟಿನಿಂದ ಪುಸ್ತಕ ತೆಗೆದು ಇನ್‌ಸ್ಪೆಕ್ಟರರ ಎದುರು ಇಟ್ಟು, “ನಾನು ಕಚೇರಿಯ ಸಿಬ್ಬಂದಿ ಮಾತ್ರ ಸರ್. ಯಾರ ಹೆಸರು ಉಂಟು ಅಂತ ನೀವೇ ನೋಡಿ,” ಎಂದ. ಮೆಟ್ಟಿಲ ಮೇಲಿದ್ದ ಮಕ್ಕಳಲ್ಲಿ ಯಾರೋ “ಕಳ್ಳ ಭಟ್ರು!” ಎಂದು ಕೂಗಿದರು.

ಶೋಧನ್ ಪುಸ್ತಕವನ್ನು ಮುಟ್ಟಲಿಲ್ಲ. “ನಾನು ಬೆಳ್ತಂಗಡಿಯಲ್ಲಿ ನಿಮ್ಮ ಆದಿತ್ಯವಾರದ ತರಗತಿಗೆ ಬರ್ತಿದ್ದೆ, ನಿಮಗೆ ನೆನಪಿರ್ಲಿಕ್ಕಿಲ್ಲ ಸರ್,” ಎಂದು ಜಿತೇಶನಿಗೆ ಹೇಳಿ, ಖಾನೆಯಲ್ಲಿ ಸಿಕ್ಕ ಪತ್ರಿಕೆಯ ಕೊನೆಯ ಹಾಳೆಗೆ ತಿರುಗಿದರು. ಓದುತ್ತಾ ಓದುತ್ತಾ ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಅದನ್ನು ಅವರು ತರಗತಿಯಲ್ಲಿ ಓದುವಂತೆ ನಿಧಾನವಾಗಿ ಓದಿದರು: “‘ಮುಂಡಾಜೆಯ ದಿವಂಗತ ಕಾವೇರಮ್ಮನವರು ಪಾಡ್ದನ ಪರಂಪರೆಯ ಹಿರಿಯ ಗಾಯಕಿಯಾಗಿದ್ದರು.’” ಆಮೇಲೆ ತಲೆಯೆತ್ತಿ, “ಅಜ್ಜಿ ತೀರಿಕೊಂಡದ್ದು ಈ ಸೋಮವಾರ. ನಾನೂ ಹೋಗಿ ನೀರು ಬಿಟ್ಟು ಬಂದೆ. ಸೋಮವಾರ ಭಟ್ಟರು ಕಾಶಿಯಲ್ಲಿ,” ಎಂದರು. ಸಿಟ್ಟೇನೂ ಇರಲಿಲ್ಲ ಅವರ ದನಿಯಲ್ಲಿ. ಜಿತೇಶ ಆ ಸಾಲನ್ನು ನೋಡಿದ. ಮೂರು ಸಲ ತಾರೀಕನ್ನು ಪರೀಕ್ಷಿಸುವಾಗ ಅವನು ಅದನ್ನು ಓದಿರಲಿಲ್ಲ. ಅದನ್ನು ಬರೆದದ್ದೂ ನೆನಪಿರಲಿಲ್ಲ. ಸತ್ತವರ ಹೆಸರನ್ನು ಬದುಕಿದ್ದವರ ಹೆಸರಿನಂತೆ ಬರಿದಾಗಿ ಬರೆಯಬಾರದು ಎಂದು ಚಿಕ್ಕಂದಿನಿಂದ ಬಂದ ಮರ್ಯಾದೆ ಅದು, ಕೈಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಾಗದದ ಮೇಲೆ ಇದ್ದದ್ದು ಹಿಂದಿನ ಶನಿವಾರದ ತಾರೀಕು. ಆ ಶನಿವಾರ ಕಾವೇರಮ್ಮ ಬದುಕಿದ್ದರು.